ನನ್ನ ಎಡಗೈ ನಂಬಿದವನು

ನಮ್ಮಣ್ಣ ಯಾರ ಮನೆಗೆ ಹೋದರೂ ಕೂಡುವ ಮೊದಲು ಕುರ್ಚಿಯನ್ನು ಬಗ್ಗಿಸಿ ಅದರ ಅಡಿ ನೋಡುತ್ತಿದ್ದ. ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹಾಗೆಯೇ ಮಾಡಿದ. ಹೆಣ್ಣಿನವರು ಉಪ್ಪಿಟ್ಟಿನ ತಾಟು ಹಿಡಿದು ಬಂದರೆ ಇವನು ಮೇಜಿನ ಕೆಳಗೆ ಕುತ್ತಿಗೆ ಹಾಕಿ ಕೂತಿದ್ದ. ಹೆಣ್ಣಿನ ತಂದೆ ಏನು ಬಿತ್ತು ಎಂದು ಕೇಳಿದರು. ಏನೂ ಬಿದ್ದಿಲ್ಲರಿ, ಮ್ಯಾಲೆ ಪಾಲಿಶ್ ಚಲೋ ಮಾಡ್ಯಾರ, ಕೆಳಗ ಉಜ್ಜೇ ಇಲ್ಲ ಅಂದ. ಆ ಸಂಬಂಧ ಕೂಡಿ ಬಂತು, ಅದು ಬೇರೆ ಮಾತು. ಆದರೆ ಆ ಬೀಗರು ಇವತ್ತಿಗೂ ಅವನನ್ನು ಮೇಜಿನ ಕೆಳಗಿನವರು ಎಂದೇ ನೆನೆಯುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ಅವನು ತೀರಿಕೊಂಡ. ಎದೆನೋವು ಅಂದ, ಹಳಿಯಾಳದಿಂದ ಧಾರವಾಡಕ್ಕೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಸಾವಿಗೆ ಯಾರೂ ಕಾರಣರಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಒಪ್ಪುತ್ತೇನೆ. ನಾನು ಹೇಳಬೇಕಾದದ್ದು ಸಾವಿನದಲ್ಲ. ಸಾಯುವುದಕ್ಕೆ ನಾಲ್ಕು ವರ್ಷ ಮೊದಲೇ ಅವನ ಕೈಯಿಂದ ಕೆಲಸ ಹೋಗಿತ್ತು. ಅದು ಹೋದದ್ದು ನನ್ನಿಂದ. ನಾನು ಐದನೆಯ ಇಯತ್ತೆ ತನಕ ಕಲಿತವಳು, ಬರೆದು ರೂಢಿಯಿಲ್ಲ. ಹಿಂದೆಮುಂದೆ ಆದರೆ ಓದುವವರು ಸರಿಮಾಡಿಕೊಳ್ಳಬೇಕು.

ನಾವು ಬಡಿಗೇರ ಮನೆತನದವರಲ್ಲ. ಅಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಿದ್ದ. ಅಪ್ಪನಿಗೆ ಬುತ್ತಿ ಒಯ್ಯುತ್ತ ಒಯ್ಯುತ್ತ ಅಣ್ಣನಿಗೆ ಕಟ್ಟಿಗೆಯ ಹುಚ್ಚು ಹಿಡಿಯಿತು. ಕೊರಳಲ್ಲಿ ಲಿಂಗ, ಕೈಯಲ್ಲಿ ಕಟ್ಟಿಗೆ ಹೆರೆಯುವ ರಂದಾ, ಹೊಲ ಮಾಡೂದು ಬಿಟ್ಟು ಇದೇನು ಎಂದು ಮಠದ ಕಟ್ಟೆಯ ಮೇಲೆ ಕೂತ ಹಿರಿಯರು ಚೇಷ್ಟೆ ಮಾಡುತ್ತಿದ್ದರು. ಅವರ ಮನೆಯ ಬಾಗಿಲು ಉಬ್ಬಿ ಮುಚ್ಚದೆ ಹೋದಾಗ ಅವನನ್ನೇ ಕರೆದರು. ಇವನು ಹೋಗಿ ಬಾಗಿಲು ಕೆರೆದು ಕೊಟ್ಟು, ಹೊಲ ಮಾಡಾವ್ರು ಯಾರೂ ಸಿಗಲಿಲ್ಲೇನ್ರಿ ಎಂದು ಕೇಳಿ ಬಂದ. ಅವನು ಮಾಡಿದ ಚೇಷ್ಟೆ ನನಗೆ ನೆನಪಿರುವುದು ಅದೊಂದೇ. ಉಳಿದಂತೆ ಮಾತು ಕಡಿಮೆ. ಗಿರಾಕಿಗಳು ಏನು ಕೇಳಿದರೂ ನೋಡೂಣು ಅನ್ನುತ್ತಿದ್ದ. ಹೂಂ ಅನ್ನುವುದಕ್ಕೂ ನೋಡೂಣು, ಒಲ್ಲೆ ಅನ್ನುವುದಕ್ಕೂ ನೋಡೂಣು. ಯಾವುದು ಯಾವುದು ಎಂದು ಮನೆಯವರಿಗೆ ಮಾತ್ರ ಗೊತ್ತಾಗುತ್ತಿತ್ತು.

ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಬಾಗಿಲು, ಚೌಕಟ್ಟು, ಮಂಚ, ದೇವರ ಮಂಟಪ ಮಾಡುತ್ತಿದ್ದ. ಸಾಗವಾನಿ ಸಿಕ್ಕರೆ ಸಾಗವಾನಿ, ಇಲ್ಲದಿದ್ದರೆ ಮತ್ತಿ. ಇನ್ನೊಬ್ಬ ಬಡಿಗನನ್ನು ಹೊಗಳಿದ್ದು ನಾನು ಕೇಳಿಲ್ಲ. ಒಳ್ಳೆಯ ಕೆಲಸ ನೋಡಿದರೆ ಎರಡು ದಿನ ಮುಖ ಗಂಟು ಹಾಕಿಕೊಂಡು ಇರುತ್ತಿದ್ದ. ಚಹಾದಲ್ಲಿ ಸಕ್ಕರೆ ಹೆಚ್ಚಾದರೆ ಸಿಟ್ಟು, ಮೊಳೆ ಡೊಂಕಾದರೆ ಸಿಟ್ಟು. ಒಳ್ಳೆಯವನಾಗಿದ್ದ ಎಂದು ಸತ್ತವರ ಬಗ್ಗೆ ಎಲ್ಲರೂ ಹೇಳುತ್ತಾರೆ. ಇವನು ಸಾಕಷ್ಟು ಸಿಡುಕನಾಗಿದ್ದ. ಆದರೆ ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ.

ನನ್ನನ್ನು ಕಲಘಟಗಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಏಳು ವರ್ಷ ಬಾಳ್ವೆ ಮಾಡಿದೆ, ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಒಂದು ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಬಂದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ಮಾತು ಅನ್ನಲಿಲ್ಲ, ಅಡುಗೆಮನೆಯ ಕೆಲಸವನ್ನೂ ಕೊಡಲಿಲ್ಲ. ಇರಲಿ ಬಿಡು, ಕೂಡು ಅನ್ನುತ್ತಿದ್ದಳು. ಕೂತೆ. ಮುಂಜಾನೆಯಿಂದ ಸಂಜೆತನಕ ಹೊಸ್ತಿಲ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ನೋಡಿದೆ. ಯಾರಿಗೂ ಬೇಡವಾದ ಕೈ ಎರಡು ತೊಡೆಯ ಮೇಲೆ ಇಟ್ಟುಕೊಂಡು ಕೂಡುವುದು ಎಂಥದ್ದು ಎಂದು ಆ ಮೂರು ತಿಂಗಳಲ್ಲಿ ತಿಳಿಯಿತು. ಅದನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ದಿನ ಅಣ್ಣ ಶೆಡ್ಡಿನಿಂದ ಬಂದು ಎಂಬತ್ತರ ನಂಬರಿನ ಪಾಲಿಶ್ ಪೇಪರು ನನ್ನ ಮುಂದೆ ಇಟ್ಟ. "ನೀ ಹಿಂಗ ಕುಂತದ್ದು ನನಗ ನೋಡಾಕ ಆಗೂದಿಲ್ಲ. ಬಾ, ಒಂದು ಬಾಗಲಾ ಉಜ್ಜು," ಅಂದ. ಹೋಗಿ ಉಜ್ಜಿದೆ. ಮೊದಲ ವಾರ ಬೆರಳ ತುದಿಗಳಲ್ಲಿ ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಉಜ್ಜಿದೆ. ಒರಟಾದ ಎಂಬತ್ತು ಆದ ಮೇಲೆ ನಯವಾದ ನೂರಾ ಇಪ್ಪತ್ತು, ಅದಾದ ಮೇಲೆ ಇನ್ನೂ ನಯವಾದ ಇನ್ನೂರಾ ಇಪ್ಪತ್ತು. ಹದಿನೈದು ವರ್ಷ ಉಜ್ಜಿದೆ.

ಅಣ್ಣನ ಅಂಗೈ ಜಡ್ಡುಗಟ್ಟಿ ಒಣಗಿದ ರೊಟ್ಟಿಯಂತೆ ಆಗಿತ್ತು. ಹಲಗೆ ನುಣುಪಾಯಿತೋ ಇಲ್ಲವೋ ಅವನ ಕೈಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನಾನು ಸುಮ್ಮನೆ ಎಡಗೈ ಆಡಿಸಿ, ಅಣ್ಣಾ ಇಲ್ಲಿ ಹತ್ತತೈತಿ ಅಂದೆ. ಕೈಗೆ ಉಬ್ಬು ತಾಗುತ್ತದೆ ಎಂದು ಅರ್ಥ. ಅವನು ಬೆಳಕಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟು ರಂದಾದ ಗೆರೆ ಇತ್ತು. ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ಬಲಗೈಲೇ ಉಜ್ಜು, ಎಡಗೈ ಹಚ್ಚಬ್ಯಾಡ, ಅದು ಮೆತ್ತಗ ಇರ್ಲಿ ಅಂದ. ಎಡಗೈಯಿಂದ ಪಾತ್ರೆ ತಿಕ್ಕಬಾರದು, ಸುಣ್ಣ ಮುಟ್ಟಬಾರದು, ಬಿಸಿ ಹಂಚು ಹಿಡಿಯಬಾರದು. ವೈನಿ ನಗುತ್ತಿದ್ದಳು. ಆಕಿ ಎಡಗೈಗೆ ಬ್ಯಾರೆ ಹಾಸಿಗಿ ಹಾಸೂಣೇನು ಎಂದು ಕೇಳುತ್ತಿದ್ದಳು. ಅಣ್ಣ ನಗುತ್ತಿರಲಿಲ್ಲ. ಯಾವ ಸಾಮಾನೂ ನಾನು ಕಣ್ಣು ಮುಚ್ಚಿ ಎಡಗೈ ಆಡಿಸಿ ಹೂಂ ಅನ್ನುವ ತನಕ ಶೆಡ್ಡಿನ ಹೊರಗೆ ಹೋಗುತ್ತಿರಲಿಲ್ಲ.

ಒಮ್ಮೆ ರಿಟೈರಾದ ಮಾಸ್ತರರೊಬ್ಬರು ಬಾಗಿಲು ಒಯ್ಯಲು ಟೆಂಪೋ ತಂದು ನಿಲ್ಲಿಸಿದ್ದರು. ನಾಳೆ ಗೃಹಪ್ರವೇಶ. ನಾನು ಕೈ ಆಡಿಸಿ ಕೆಳಗಿನ ಪಟ್ಟಿಯಲ್ಲಿ ಹತ್ತುತ್ತದೆ ಅಂದೆ. ಅಣ್ಣ ಬಾಗಿಲನ್ನು ಮತ್ತೆ ಅಡ್ಡ ಹಾಕಿದ. ಮಾಸ್ತರರು ಕೂಗಾಡಿದರು, ಕೆಳಗಿನ ಪಟ್ಟಿ ಯಾರು ಮುಟ್ಟತಾರೋ ಎಂದರು. "ನಮ್ಮ ತಂಗಿ ಕೈ ಒಪ್ಪಿಲ್ಲರಿ," ಅಂದ ಅಣ್ಣ. ಅಷ್ಟೇ. ಮಾಸ್ತರರು ಬೇವಿನ ಗಿಡದ ಕೆಳಗೆ ಎರಡು ತಾಸು ಕೂತರು. ಹೋಗುವಾಗ ನನ್ನನ್ನು ನೋಡಿ, ಏನವ್ವಾ, ನಮ್ಮ ಸಾಲಿಗೆ ಇನಸ್ಪೆಕ್ಟರ್ ಆಗಿ ಬರಬೇಕಾಗಿತ್ತು ನೀನು ಅಂದರು. ನನ್ನನ್ನು ಜೀವನದಲ್ಲಿ ಯಾರೂ ಅಷ್ಟು ದೊಡ್ಡವಳನ್ನಾಗಿ ಮಾಡಿರಲಿಲ್ಲ. ಗಂಡನ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಸಾಕೋ ಬೇಕೋ ಎಂದೂ ನನ್ನನ್ನು ಕೇಳುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅಣ್ಣನ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡಬೇಕಾದರೆ ವೈನಿ ತೋಳು ಹಿಡಿಯಬೇಕು. ಅದೇ ಹೊತ್ತಿಗೆ ಜೊಯಿಡಾ ಕಡೆಯಲ್ಲಿ ಹೋಂಸ್ಟೇಗಳು ಎದ್ದವು. ಅವರಿಗೆ ಅಗಲವಾದ ಹಲಗೆಯ ಮೇಜುಗಳು ಬೇಕು, ಬೇಗ ಬೇಕು. ಒಬ್ಬ ಮಾಲೀಕ ಬಂದು ಅಣ್ಣನ ಕೆಲಸ ನೋಡಿ ಮೆಚ್ಚಿದ. ಎಲ್ಲ ಕೋಣೆಗಳ ಬಾಗಿಲು, ಮೇಜು ನೀವೇ ಮಾಡ್ರಿ, ಆದರ ಕೈಲೇ ಉಜ್ಜಿದ್ರ ನಮಗ ವ್ಯಾಳ್ಯಾಕ್ಕ ಮುಟ್ಟೂದಿಲ್ಲ, ಒಂದು ಮಷಿನ್ ತಗೋರಿ ಅಂದ. ಅಣ್ಣ ನೋಡೂಣು ಅಂದ. ಅದು ಹೂಂ ಅನ್ನುವ ನೋಡೂಣು.

ಡ್ರಮ್ ಸ್ಯಾಂಡರ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಆವಾಗ. ಒಂದು ಉರುಳೆಗೆ ಪಾಲಿಶ್ ಪೇಪರು ಸುತ್ತಿರುತ್ತಾರೆ. ಅದು ಗರಗರ ತಿರುಗುತ್ತದೆ. ಕೆಳಗೆ ಬೆಲ್ಟಿನಂಥ ಪಟ್ಟಾ ಇರುತ್ತದೆ, ಅದು ಹಲಗೆಯನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತದೆ. ಈ ಕಡೆ ಒರಟು ಹಲಗೆ ಇಟ್ಟರೆ ಆ ಕಡೆ ನುಣ್ಣಗಾಗಿ ಬರುತ್ತದೆ. ಅಣ್ಣ ಮೂರು ತಿಂಗಳು ಅದನ್ನೇ ಉಂಡ, ಅದನ್ನೇ ಹೊದ್ದ. ಮೊಬೈಲಿನಲ್ಲಿ ಯಾರೋ ಹೊರದೇಶದವರು ಹಲಗೆ ಹಾಯಿಸುವುದನ್ನು ಕಿವಿಗೆ ಹಿಡಿದು ಕೇಳುತ್ತಿದ್ದ. ಮಾತು ತಿಳಿಯುತ್ತಿರಲಿಲ್ಲ, ಮಷಿನ್ನಿನ ಸಪ್ಪಳ ಕೇಳಿ ಇದು ಗಟ್ಟಿ, ಇದು ನಡಗತೈತಿ ಅನ್ನುತ್ತಿದ್ದ.

ಹುಬ್ಬಳ್ಳಿಯಲ್ಲಿ ಸಣ್ಣದೊಂದು ಹೊಸದಿತ್ತು. ಅದರ ಒಂದು ಮಗ್ಗಲು ತೆರೆದಿರುತ್ತದೆ. ಅಗಲದ ಹಲಗೆಯನ್ನು ಒಮ್ಮೆ ಈ ಅರ್ಧ, ಒಮ್ಮೆ ಆ ಅರ್ಧ ಹಾಯಿಸಬೇಕು. ನಡುವೆ ಗೆರೆ ಬೀಳತೈತಿ, ತಂಗಿ ಕೈ ಒಪ್ಪೂದಿಲ್ಲ ಎಂದು ಅದನ್ನು ಬಿಟ್ಟ. ದಾಂಡೇಲಿಯ ವೆಲ್ಡಿಂಗಿನವನೊಬ್ಬ ಪೈಪಿಗೆ ಪೇಪರು ಸುತ್ತಿ ನಾನೇ ಮಾಡಿಕೊಡ್ತೇನಿ ಅಂದ. ಅಣ್ಣ ಅವನ ಅಂಗಡಿಗೆ ಹೋಗಿ, ಅವನ ಸ್ಟೂಲನ್ನು ಬಗ್ಗಿಸಿ ಅಡಿ ನೋಡಿ ಸುಮ್ಮನೆ ತಿರುಗಿ ಬಂದ. ಮೂರನೆಯದು ಮುಂಡಗೋಡದ್ದು. ಅಲ್ಲಿಯ ಟಿಬೆಟನ್ ಕ್ಯಾಂಪಿನಲ್ಲಿ ಕೆತ್ತನೆಯ ಮೇಜು ಮಾಡುವ ಮುದುಕರೊಬ್ಬರು ದೊಡ್ಡ ಮಷಿನ್ನು ತರಿಸಿಕೊಂಡಿದ್ದರು, ಹಳೆಯದನ್ನು ಕೊಡುವವರಿದ್ದರು. ಎರಡು ಅಡಿ ಅಗಲ, ಎರಡೂ ಮಗ್ಗಲು ಭದ್ರ, ಮನೆಯ ಕರೆಂಟಿಗೇ ನಡೆಯುತ್ತದೆ ಎಂದು ಫೋನಿನಲ್ಲಿ ಹೇಳಿದರು. ಅಣ್ಣ ಫೋನು ಇಟ್ಟು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಅದರ ಅಳತೆ ಬರೆದ. ಅದರ ಸುತ್ತ ಎರಡು ದಿನ ತಿರುಗಾಡಿದ, ಗೆರೆ ತುಳಿಯದ ಹಾಗೆ.

ಮುಂಡಗೋಡಕ್ಕೆ ಹೋಗುವ ಮುಂಚಿನ ದಿನ ಮಗ್ಗಲ ಮನೆಯಾಕೆ ಬೇಲಿಯ ಮೇಲಿಂದ ಕೇಳಿದಳು. ಮಷಿನ್ ಬಂದ ಮ್ಯಾಲೆ ನಿನ್ನ ಕಡೆ ಏನ್ ಮಾಡಸ್ತಾರವಾ, ಆರಾಮ ಕೂಡು ಇನ್ನ ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ರಾತ್ರಿ ಊಟಕ್ಕೆ ಕೂತಾಗ ಅಣ್ಣನೂ ಅದನ್ನೇ ಅಂದ, ನಾಕು ದಿನದ ಉಜ್ಜೂದು ಅರ್ಧಾ ತಾಸಿನ್ಯಾಗ ಆಗತೈತಿ, ನಿನ್ನ ಉಜ್ಜೂದು ತೀರಿತು ನೋಡ ತಂಗಿ ಎಂದು. ಅವನ ಮುಖದಲ್ಲಿ ಸಂತೋಷ ಇತ್ತು. ನನ್ನ ಬೆರಳು ನೋಡಿ ಅಂದ ಮಾತು ಅದು. ನನಗೆ ಕಂಡದ್ದು ಆ ಹೊಸ್ತಿಲು.

ಮರುದಿನ ಹೊರಟೆವು. ಮಷಿನ್ನಿನಲ್ಲಿ ಹಾಯಿಸಿ ನೋಡಲು ಅಣ್ಣ ತನ್ನದೇ ಒಂದು ಸಾಗವಾನಿ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡಿದ್ದ. ಸಾಗವಾನಿಯ ಎಣ್ಣೆಗೆ ಪೇಪರು ಮೆತ್ತಿಕೊಳ್ಳುತ್ತದೆ, ಅವರ ಕಟ್ಟಿಗೆ ಬೇರೆ, ನಮ್ಮದು ಬೇರೆ ಎಂದು ಅವನ ವಾದ. ಬಸ್ಸಿನಲ್ಲಿ ಕಂಡಕ್ಟರು, ಏನ್ರಿ ಯಜಮಾನ್ರ, ಬಾಗಲಾ ತಗೊಂಡು ಹೊಂಟೀರಿ, ಮನಿ ಹಿಂದ ಬರತೈತೇನು ಎಂದ. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಕಲಘಟಗಿಯಲ್ಲಿ ಬಸ್ಸು ಬದಲಿಸಿದೆವು. ನನ್ನ ಗಂಡನ ಊರಿನ ಕಡೆ ಹೋಗುವ ಬಸ್ಸು ಮಗ್ಗಲಲ್ಲೇ ನಿಂತಿತ್ತು. ನಾನು ಆ ಕಡೆ ನೋಡಲಿಲ್ಲ.

ಮುದುಕರು ನಮಗೆ ಚಹಾ ಕೊಟ್ಟರು. ಅಣ್ಣ ಚಹಾ ಕುಡಿಯುವ ಮೊದಲೇ ಅವರ ಕೆತ್ತನೆಯ ಮೇಜನ್ನು ಬಗ್ಗಿಸಿ ನೋಡಿದ. ಅಡಿಯೂ ಮೇಲಿನಷ್ಟೇ ನುಣುಪಾಗಿತ್ತು. ಅವನು ಮುಖ ಗಂಟು ಹಾಕಿಕೊಳ್ಳಲಿಲ್ಲ. ಮುದುಕರು ಮೆಲ್ಲಗೆ ನಕ್ಕರು. ಆಮೇಲೆ ಮಷಿನ್ನು ಚಾಲೂ ಮಾಡಿದರು. ಅವರು ಈ ಕಡೆಯಿಂದ ಹಲಗೆ ಕೊಟ್ಟರು, ಅಣ್ಣ ತಾನಾಗಿ ಆ ಕಡೆ ಹೋಗಿ ಹಿಡಿದ. ಹುರುಪಿಗೆ ಹೋದ ಅಂದುಕೊಂಡೆ. ಎರಡು ಸಲ ಹಾಯಿಸಿದರು. ಅಣ್ಣ ಹಲಗೆಯನ್ನು ತಂದು ನನ್ನ ಮುಂದೆ ಇಟ್ಟ. ನಾನು ಕಣ್ಣು ಮುಚ್ಚಿ ಎಡಗೈ ಆಡಿಸಿದೆ.

ನಾನು ಹದಿನೈದು ವರ್ಷದಲ್ಲಿ ಉಜ್ಜಿದ ಯಾವ ಹಲಗೆಯೂ ಅಷ್ಟು ಚೆನ್ನಾಗಿ ಆಗಿರಲಿಲ್ಲ. ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ. ಎರಡನೆಯ ಸಲ ಕೈ ಆಡಿಸಿದೆ.

"ಹತ್ತತೈತಿ," ಅಂದೆ.

ಮುದುಕರು ತಾವೂ ಕೈ ಆಡಿಸಿದರು. ಅವರಿಗೆ ನಂಬಿಕೆ ಬರಲಿಲ್ಲ. "ಅಕ್ಕಾ, ಇನ್ನೊಮ್ಮೆ ನೋಡ್ರಿ. ಎಲ್ಲಿ ಅಂತ ತೋರಸ್ರಿ," ಅಂದರು.

"ಬ್ಯಾಡ್ರಿ," ಅಂದ ಅಣ್ಣ. "ಆಕಿ ಒಮ್ಮೆ ಹೇಳಿದ್ರ ಮುಗೀತು."

ಅವನೂ ತನ್ನ ಕೈಯನ್ನು ಹಲಗೆಯ ಮೇಲೆ ಒಮ್ಮೆ ಎಳೆದ. ನನಗ ಚಲೋನ ಅನಸ್ತೈತಿ, ಆದರ ನನ್ನ ಕೈಗೇನು ಗೊತ್ತಾಗತೈತಿ ಎಂದು ಮುದುಕರಿಗೆ ಹೇಳಿ, ತಪ್ಪು ತಿಳಕೋಬ್ಯಾಡ್ರಿ ಎಂದು ಕೈ ಮುಗಿದ. ಹಲಗೆಯನ್ನು ಮತ್ತೆ ಸೀರೆಯಲ್ಲಿ ಸುತ್ತಿದ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಸ್ಸಿನಲ್ಲಿ ನಾಲ್ಕು ತಾಸು ಇದ್ದವು. ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ, ಎಬ್ಬಿಸುವುದು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದ ಮೇಲೆ ಮತ್ತೆ ಕೈಯಿಂದಲೇ ಉಜ್ಜಿದೆವು. ನಾನು ಹಟಕ್ಕೆ ಬಿದ್ದವಳಂತೆ ಉಜ್ಜಿದೆ, ಹೊತ್ತು ಹುಟ್ಟುವ ಮೊದಲೇ ಶೆಡ್ಡಿಗೆ ಹೋಗುತ್ತಿದ್ದೆ. ಅಗಲದ ಮೇಜುಗಳಿಗೆ ನನ್ನ ಒಬ್ಬಳ ಕೈ ಸಾಲುತ್ತಿರಲಿಲ್ಲ. ಅಣ್ಣ ಎಡಗೈಯಿಂದ ಬಲಭುಜ ಒತ್ತಿ ಹಿಡಿದುಕೊಂಡು ಉಜ್ಜಿದ. ಹೇಳಿದ ದಿನಕ್ಕೆ ಅರ್ಧ ಮೇಜೂ ಆಗಿರಲಿಲ್ಲ. ಜೊಯಿಡಾದ ಮಾಲೀಕ ಬಂದು ಸಮಾಧಾನದಿಂದಲೇ ಮಾತಾಡಿದ, ಉಳಿದದ್ದನ್ನು ದಾಂಡೇಲಿಯ ಒಂದು ಮೇಜಿನ ಕಾರ್ಖಾನೆಗೆ ಕೊಟ್ಟ. ಒಬ್ಬನು ಹೋದ ಮೇಲೆ ಉಳಿದವರೂ ಹೋದರು. ವರ್ಷದೊಳಗೆ ಅಣ್ಣನಿಗೆ ರಂದಾ ಎತ್ತಲು ಆಗದಾಯಿತು. ಶೆಡ್ಡಿಗೆ ಬೀಗ ಬಿತ್ತು.

ಆಮೇಲೆ ಅವನು ಹಳಿಯಾಳದ ಪೇಟೆಯಲ್ಲಿ ರೆಡಿಮೇಡ್ ಮಂಚ, ಕಪಾಟು ಮಾರುವ ಅಂಗಡಿಗೆ ಸೇರಿದ. ಕಟ್ಟಿಗೆಯ ಪುಡಿ ಒತ್ತಿ ಮಾಡಿದ, ಪೆಟ್ಟಿಗೆಯಲ್ಲಿ ಬಂದ ಹಲಗೆಗಳನ್ನು ಜೋಡಿಸಿ ಸ್ಕ್ರೂ ಹಾಕಿ ಕೊಡುವ ಕೆಲಸ. ಒಮ್ಮೆ ಬುತ್ತಿ ಕೊಡಲು ಹೋಗಿದ್ದೆ. ಗಿರಾಕಿಯೊಬ್ಬ ಮಂಚ ಹೆಂಗೈತ್ರಿ ಎಂದು ಅವನನ್ನು ಕೇಳುತ್ತಿದ್ದ. ಚಲೋ ಐತ್ರಿ ಅಂದ ಅಣ್ಣ, ಬೇರೆಲ್ಲೋ ನೋಡುತ್ತ. ಅವನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅವನು ಒಂದು ದಿನವೂ ಬಗ್ಗಿಸಿ ನೋಡಿರಲಿಕ್ಕಿಲ್ಲ. ನೋಡಲು ಅದರಲ್ಲಿ ಏನಿದೆ.

ಅವನು ನನ್ನನ್ನು ಬೈದಿದ್ದರೆ ನನಗೆ ಹೇಳಲು ದಾರಿ ಸಿಗುತ್ತಿತ್ತೋ ಏನೋ. ಅವನು ಬೈಯಲಿಲ್ಲ, ಮರೆಯಲೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತವನು ಇದ್ದಕ್ಕಿದ್ದಂತೆ ಕೇಳಿದ.

"ಮುಂಡಗೋಡದಾಗ ಹತ್ತತೈತಿ ಅಂದೆಲ್ಲ ತಂಗಿ. ನಡಬರಕ ಹತ್ತಿತ್ತೋ, ಅಂಚಿಗೋ?"

ಈಗ ಹೇಳಬೇಕು ಅಂದುಕೊಂಡೆ. ಬಾಯಿಗೆ ಬಂದದ್ದು, "ಒಂದ ಅಂಚಿಗೆ."

ಅವನು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿದ. "ಹಂಗಾರ ಡ್ರಮ್ ಓರೆ ಕುಂತಿತ್ತು. ಬೋಲ್ಟು ಬಿಗಿ ಮಾಡಿದ್ರ ಸರಿಯಾಗ್ತಿತ್ತು, ಆವತ್ತ ಹೊಳೀಲಿಲ್ಲ ನನಗ," ಅಂದ. ತಪ್ಪೆಲ್ಲ ತನ್ನದೇ ಅನ್ನುವ ದನಿಯಲ್ಲಿ ಅಂದ. ಆ ಬಳಿಕ ಯಾವ ಬಡಿಗರು ಸಿಕ್ಕರೂ, ಮಷಿನ್ ತಗೊಳ್ಳುವುದಾದರೆ ಡ್ರಮ್ಮಿನ ಎರಡೂ ತುದಿ ಅಳೆದು ನೋಡ್ರಿ, ನಾ ಅದರಾಗ ಮೋಸ ಹೋದೆ ಎಂದು ಹೇಳುತ್ತಿದ್ದ. ನಾನು ಅಲ್ಲೇ ನಿಂತು ಕೇಳುತ್ತಿದ್ದೆ.

ಅವನು ಹೋದ ಮೇಲೆ ನಾನು ಕೆಲಸಕ್ಕೆ ಹೋಗುವುದು ಅನಿವಾರ್ಯವಾಯಿತು. ದಾಂಡೇಲಿಯಲ್ಲಿ ರಿಸಾರ್ಟುಗಳಿಗೆ ಮೇಜು ಮಾಡುವ ಒಂದು ಶೆಡ್ಡಿದೆ. ಉಜ್ಜುವವರು ಬೇಕೇನು ಎಂದು ಕೇಳಲು ಹೋದೆ. ಉಜ್ಜೂದು ಮಷಿನ್ ಮಾಡತೈತ್ರಿ, ಆದರೂ ನೀವು ಬರ್ರಿ ಅಂದ ಅಲ್ಲಿಯ ಯಜಮಾನ. ಮೊದಲ ದಿನ ನನ್ನನ್ನು ಡ್ರಮ್ ಸ್ಯಾಂಡರಿನ ಹಿಂದೆ ನಿಲ್ಲಿಸಿದ.

"ಅಕ್ಕಾರ, ಹಲಗಿ ಹೊರಗ ಬಂದಂಗ ಎರಡೂ ಕೈಲೇ ಹಿಡೀರಿ. ಜೋತು ಬೀಳಗೊಡಬ್ಯಾಡ್ರಿ, ಜೋತು ಬಿದ್ರ ತುದಿಗೆ ತಗ್ಗ ಬೀಳತೈತಿ."

ಯಾವಾಗಲೂ ಇಬ್ಬರು ಬೇಕೇನ್ರಿ ಎಂದು ಕೇಳಿದೆ. ಉದ್ದನ ಹಲಗಿಗೆ ಬೇಕ ಬೇಕ್ರಿ, ಸಣ್ಣ ಮಷಿನ್ ಇರ್ಲಿ ದೊಡ್ಡ ಮಷಿನ್ ಇರ್ಲಿ, ಒಬ್ಬರು ಕೊಡಾವ್ರು, ಒಬ್ಬರು ಹಿಡಿಯಾವ್ರು ಅಂದ. ಸಂಜೆತನಕ ಹಿಡಿದೆ. ಹಲಗೆಗಳು ಬೆಚ್ಚಗಿರುತ್ತಿದ್ದವು.

ಮನೆಗೆ ಬಂದಾಗ ವೈನಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆ ಮಷಿನ್ನಿಗೆ ಇಬ್ಬರು ಬೇಕು ಅನ್ನುವುದು ಅಣ್ಣನಿಗೆ ಗೊತ್ತಿತ್ತೇನು ಎಂದು ಕೇಳಿದೆ.

"ಗೊತ್ತಿಲ್ಲದ ಏನು," ಅಂದಳು. "ಮುಂಡಗೋಡಕ್ಕ ನಾನೂ ಬರ್ತೇನಿ ಅಂದಿದ್ದೆ. ನೀ ಬ್ಯಾಡ, ದಿನಾ ಮಷಿನ್ನಿನ ಆ ಕಡೆ ನಿಂತು ಹಲಗಿ ಹಿಡಿಯಾಕಿ ತಂಗಿ, ಆಕೀಗೆ ಮನಸ್ಸಿಗೆ ಬರಬೇಕು ಅಂದ."

ಆಗ ಎಲ್ಲ ಹೇಳಿದೆ. ಹಲಗೆ ಹೇಗಿತ್ತು ಎಂಬುದನ್ನೂ, ಅಂಚಿನ ಸುಳ್ಳನ್ನೂ ಹೇಳಿದೆ. ವೈನಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೆ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು.

"ಇದನ್ನ ನನಗ್ಯಾಕ ಹೇಳ್ತಿ," ಅಂದಳು. "ಅಂವಗ ಹೇಳಬೇಕಿತ್ತು. ಸಾಯೂತನಕ ತನ್ನದ ತಪ್ಪು ಅಂತ ತಿಳಕೊಂಡಿದ್ದ."

ಆಮೇಲೆ ಎದ್ದು ಒಲೆ ಹಚ್ಚಿದಳು. ರೊಟ್ಟಿ ಬಡಿದಳು, ನನಗೂ ಹಾಕಿದಳು. ಇಬ್ಬರೂ ಉಂಡೆವು. ಅದಾಗಿ ಆರು ತಿಂಗಳಾಯಿತು, ಆ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ದಾಂಡೇಲಿ ಬಸ್ಸು ಮುಂಜಾನೆ ಏಳಕ್ಕೆ ಇದೆ. ಜ್ವರ ಬಂದರೂ ಹೋಗುತ್ತೇನೆ. ನಾನು ಹೋಗದಿದ್ದರೆ ಆ ಕಡೆ ಹಿಡಿಯುವವರಿಲ್ಲದೆ ಮಷಿನ್ನು ನಿಂತುಬಿಡುತ್ತದೆ.